ಹನ್ನೆರಡು ಕುರ್ಚಿ

ಥೆಸಲೊನೀಕಿಯ ಹಳೇ ಪೇಟೆಯೊಳಗೆ
ನಮ್ಮದೊಂದು ಅಂಗಳ, ಸುತ್ತ ಅಂಗಡಿ:
ನನ್ನದು ಗುಂಡಿಯದು, ಪಕ್ಕಕ್ಕೆ
ಬೀಗದ ಕೈ ಮಾಡುವ ಸ್ತ್ರಾಟೋಸ್,
ಎದುರಿಗೆ ಬಟ್ಟೆಯ ಥಾನು, ಮೂಲೆಯಲ್ಲಿ
ಅಂಗೈಯಗಲದ ಕಾಫಿ ಗೂಡು.
ನಡುವೆ ಯಾರೂ ನಿಲ್ಲದ ಸಿಮೆಂಟು.
ಜನ ಈ ಬಾಗಿಲಲ್ಲಿ ಹೊಕ್ಕು ಆ ಬಾಗಿಲಲ್ಲಿ ಹೊರಬೀಳುತ್ತಿದ್ದರು,
ಗಂಟು ಹಾಕದ ನೂಲು
ಬಟ್ಟೆಯಿಂದ ಜಾರಿ ಹೋಗುವಂತೆ.

ಅಂಗಳ ಚೆಂದ ಮಾಡಲು ಮಾರ್ಚಿನಲ್ಲಿ ಬಂದಳು ಎವಾಂಥಿಯಾ.
ಕಾಲಿಗೆ ಕೆಸರು ಬೂಟು, ಕಿವಿ ಸಂದಿಗೆ ಪೆನ್ಸಿಲು.
ಬಂದವಳು ವಾರವಿಡೀ ಏನೂ ಮಾಡಲಿಲ್ಲ.
ಗಂಟೆಗೊಮ್ಮೆ ಎದ್ದು ನೆರಳಿನ ಅಂಚಿಗೆ
ಸೀಮೆಸುಣ್ಣದ ಗೆರೆ ಎಳೆದಳು, ಅಷ್ಟೇ.
ಸಂಜೆಗೆ ನೆಲವೆಲ್ಲ ಕುಂಟಾಬಿಲ್ಲೆ ಮನೆ.
"ಇದಕ್ಕೂ ದುಡ್ಡು ಕೊಡ್ತಾರಾ?" ಅಂದ ಸ್ತ್ರಾಟೋಸ್.
ಬಡಗಣ ಗಾಳಿ ವರ್ದಾರಿಸ್ ಬೀಸಿದ ದಿನ
ಕಾಗದದ ಚೂರು ಹಾರಿಬಿಟ್ಟಳು;
ಅವು ಎಲ್ಲಿ ಸುಸ್ತಾಗಿ ಬಿದ್ದವೋ
ಅಲ್ಲೊಂದು ಗುರುತು.

ಇದ್ದದ್ದು ಒಂದೇ ಮರ. ಹಿಪ್ಪುನೇರಳೆ, ಯಾರೂ ನೆಟ್ಟದ್ದಲ್ಲ.
ಜೂನ್ ಬಂತೆಂದರೆ ಗಿರಾಕಿಗಳ ಬಿಳಿ ಅಂಗಿಗೆಲ್ಲ ಕಲೆ.
ಥಾನಿನ ಪೆರಿಕ್ಲಿಸ್ ಹೇಳಿದ: ಕಡಿ.
ಅವಳು ಬಗ್ಗಿ ಒಂದು ಹಣ್ಣು ಬಾಯಿಗೆ ಹಾಕಿಕೊಂಡು,
"ಮರ ಇರಲಿ, ಕಲ್ಲಿನ ಬಣ್ಣ ಬದಲಾಯಿಸೋಣ" ಅಂದಳು,
ನೇರಳೆ ನಾಲಿಗೆಯಲ್ಲೇ.

ಆಮೇಲೆ ಹನ್ನೆರಡು ಕುರ್ಚಿ ತಂದಳು,
ಮಡಚುವಂಥವು, ಹಸಿರು ಬಣ್ಣ ಕಿತ್ತವು.
ಬೆಳಿಗ್ಗೆ ನಡುವೆ ದುಂಡಗೆ ಇಟ್ಟು ಹೋಗುವಳು.
ರಾತ್ರಿ ಬಂದು, ಅವು ಎಲ್ಲೆಲ್ಲಿಗೆ ನಡೆದಿವೆಯೆಂದು
ಪುಸ್ತಕದಲ್ಲಿ ಬರೆದುಕೊಳ್ಳುವಳು.

ನಡುವೆ ಒಂದೂ ಉಳಿಯಲಿಲ್ಲ.
ಬೆನ್ನಿಗೆ ಗೋಡೆ, ಕಣ್ಣಿಗೆ ಬಾಗಿಲು:
ಮನುಷ್ಯ ಕೂರುವುದೂ ಬೆಕ್ಕು ಕೂತ ಹಾಗೇ.
ಎರಡು ಕುರ್ಚಿ ಮೊಣಕಾಲು ತಾಗುವಷ್ಟು ಹತ್ತಿರ
(ಕಾಫಿಯ ಹುಡುಗ, ಬ್ಯಾಂಕಿನ ಹುಡುಗಿ;
ನಾನು ಹೇಳಿದೆನೆಂದು ಹೇಳಬೇಡಿ).
ಮೂರು ಔಷಧಿ ಅಂಗಡಿಯ ಮೆಟ್ಟಿಲಿಗೆ,
ಸರದಿ ಕಾಯುವ ಮುದುಕರವು.
ಒಂದರಲ್ಲಿ ಬರೀ ತರಕಾರಿ ಚೀಲ.

ಇನ್ನೊಂದು ಮಾತ್ರ ಎಲ್ಲರಿಗೂ ಬೆನ್ನು ತಿರುಗಿಸಿ
ಮುಚ್ಚಿದ ಷಟರಿನ ಕಡೆಗೆ.
ಟೋಪಿ ಹೊಲಿಯುತ್ತಿದ್ದ ಪೊಲಿಕ್ಸೇನಿಯ ಅಂಗಡಿ ಅದು,
ಅವಳು ಹೋಗಿ ಎರಡು ವರ್ಷ.
ಷಟರಿನಲ್ಲಿ ನೋಡಲು ಏನಿದೆ? ತುಕ್ಕು, ಪೋಸ್ಟರಿನ ಅಂಟು.
ಇಪ್ಪತ್ತೊಂದು ರಾತ್ರಿ, ಇಪ್ಪತ್ತೊಂದು ಸಲವೂ ಹಾಗೇ.

ಎವಾಂಥಿಯಾ ಪೆನ್ಸಿಲು ನಿಲ್ಲಿಸಿ ನನ್ನತ್ತ ನೋಡಿದಳು.
ನಾನು ಡಬ್ಬಿಯ ಗುಂಡಿ ಎಣಿಸತೊಡಗಿದೆ.
ಕೇಳಲಿಲ್ಲ ಅವಳು.
ಕೇಳದೆ ಇರುವುದನ್ನೂ ಕಾಲೇಜಿನಲ್ಲಿ ಕಲಿಸುತ್ತಾರೇನೋ.

ಈಗ ಕೆಲಸ ಮುಗಿದಿದೆ.
ಬೀದಿಯ ಕಲ್ಲೇ ಒಳಗೆ ಬರುತ್ತದೆ, ನಡುವೆ ಹೊಸ್ತಿಲಿಲ್ಲ;
ಗಾಲಿ ಕುರ್ಚಿಯ ಮೇಷ್ಟ್ರು ಯಾರ ಕೈಯನ್ನೂ ಕಾಯುವುದಿಲ್ಲ.
ಗಾಳಿ ನುಗ್ಗುತ್ತಿದ್ದ ಕಡೆ ಕಹಿ ಕಿತ್ತಳೆಯ ಸಾಲು.
ಕಾರಂಜಿ ಕೇಳಿದವರಿಗೆ ನಲ್ಲಿ ಕೊಟ್ಟಳು,
ಒಂದು ಮನುಷ್ಯನೆತ್ತರಕ್ಕೆ, ಒಂದು ನಾಯಿಯೆತ್ತರಕ್ಕೆ.
ಮರದಡಿ ಕಪ್ಪು ನೇರಳೆ ಕಲ್ಲು,
ಹಣ್ಣು ಯಾವುದು ನೆಲ ಯಾವುದು ತಿಳಿಯದು;
ಪೆರಿಕ್ಲಿಸನೇ ಈಗ ಬೋಗುಣಿ ಹಿಡಿದು ನಿಲ್ಲುತ್ತಾನೆ.
ಗೋಡೆಯುದ್ದಕ್ಕೂ ಕಟ್ಟೆ, ಬಿಸಿಲಿಗೆ ಕಾದು
ರಾತ್ರಿ ಎಂಟಕ್ಕೂ ಬೆಚ್ಚಗೆ.

ಆ ಕಟ್ಟೆ ಒಂದು ಕಡೆ ಸುಮ್ಮನೆ ಬಾಗುತ್ತದೆ.
ಒಬ್ಬರು ಕೂರುವಷ್ಟೇ ಅಗಲ, ಮುಖ ಷಟರಿಗೆ.
ನಕ್ಷೆಯಲ್ಲಿ ಅದಕ್ಕೆ ಹೆಸರಿಲ್ಲ,
ಹನ್ನೆರಡು ಅಂತ ಅಂಕಿ.

ನಿನ್ನೆ ಅಲ್ಲಿ ಯಾರೋ ಅಪರಿಚಿತ,
ಎಳ್ಳಿನ ಬಳೆರೊಟ್ಟಿ ಮುರಿಯುತ್ತ ಕೂತಿದ್ದ.
ನೋಡಿ ಹೊಟ್ಟೆಯೊಳಗೆ ಚುರ್ ಎಂದಿತು.
ಏಳಿ ಅನ್ನಲೆಂದೇ ಹೋದೆ.
ಷಟರಿನಿಂದ ಕಣ್ಣು ತೆಗೆಯದೆ ಕೇಳಿದ:
"ಇಲ್ಲೊಂದು ಟೋಪಿ ಅಂಗಡಿ ಇತ್ತಲ್ಲ?"

ಒಳಗೆ ಹೋಗಿ
ನನ್ನ ಸ್ಟೂಲು ತಂದೆ.